ಉಂಗುರ ಬೆರಳಿನ ಉಗುರು

ಮೂರು ವಾರ, ಬಹಳವೆಂದರೆ ನಾಲ್ಕು. ಜೆಲ್ ಉಗುರಿನ ಆಯಸ್ಸು ಅಷ್ಟೇ ಎಂದು ಹೇಮಲತಕ್ಕ ಮೊದಲ ದಿನವೇ ಹೇಳಿದ್ದಳು. ಕೋಮಲಳ ಎಡಗೈಯ ಐದು ಉಗುರುಗಳಿಗೆ ಅಂದು ಇಪ್ಪತ್ತೇಳನೆಯ ದಿನ.

ಅರಸೀಕೆರೆಯ ಬಸ್ ಸ್ಟ್ಯಾಂಡಿನ ಹಿಂದೆ ಹೇಮಲತಾಳ ಬ್ಯೂಟಿ ಪಾರ್ಲರ್. ಕೋಮಲ ಅಲ್ಲಿ ಎರಡು ವರ್ಷದಿಂದ ಹುಬ್ಬು ತಿದ್ದುತ್ತ, ಮೆಹಂದಿ ಹಾಕುತ್ತ ಇದ್ದಳು. ೨೦೦೮ರ ಆಷಾಢದ ಶುರುವಿನಲ್ಲಿ, ಮದುವೆಗಳಿಲ್ಲದ ಬಿಡುವಿನಲ್ಲಿ, ಹೇಮಲತಾ ಬೆಂಗಳೂರಿಗೆ ಹೋಗಿ ಹೊಸ ವಿದ್ಯೆ ಕಲಿತು ಬಂದಳು. ಜೊತೆಗೆ ಒಂದು ನೀಲಿ ಬೆಳಕಿನ ಪೆಟ್ಟಿಗೆ, ಜೇನಿನಂತೆ ಎಳೆಯಾಡುವ ಬಿಲ್ಡರ್ ಜೆಲ್ಲಿನ ಡಬ್ಬಿ. ಅದನ್ನು ಕುಂಚದಲ್ಲಿ ಉಗುರಿಗೆ ಬಳಿದು, ತುದಿಯಾಚೆಗೂ ಎಳೆದು, ಪೆಟ್ಟಿಗೆಯೊಳಗೆ ಕೈ ಇಟ್ಟರೆ ಎರಡು ನಿಮಿಷಕ್ಕೆ ಗಾಜಿನ ಹಾಗೆ ಗಟ್ಟಿ. ಶ್ರಾವಣದ ಮದುವಣಗಿತ್ತಿಯರಿಗೆ ತೋರಿಸಲು ಒಂದು ಮಾದರಿ ಬೇಕಿತ್ತು. ಕೋಮಲಳ ಎಡಗೈ ಮಾದರಿಯಾಯಿತು.

"ಬಿಸಿನೀರಲ್ಲಿ ಕೈ ನೆನೆಸ್ಬೇಡ. ಪಾತ್ರೆ ತೊಳೆಯೋವಾಗ ಗ್ಲೌಸ್ ಹಾಕ್ಕೋ. ಮಲಗೋವಾಗ ಬುಡಕ್ಕೆ ಒಂದು ತೊಟ್ಟು ಎಣ್ಣೆ. ಉಗುರು ಬೆಳೆದಂಗೆಲ್ಲ ಬುಡದಲ್ಲಿ ಸಂದಿ ಬೀಳ್ತದೆ, ಭಾರ ತುದಿಗೆ ಬರ್ತದೆ. ಆಗ ನನ್ನ ಹತ್ರ ಬಂದು ಸಂದಿ ತುಂಬಿಸ್ಕೋ. ಅಂಚು ಎದ್ರೆ ಕಿತ್ತುಗಿತ್ತೀಯ ಮತ್ತೆ, ನಿನ್ನ ಉಗುರೂ ಜೊತೇಲೇ ಬರ್ತದೆ. ರಿಮೂವರಿಗೆಲ್ಲ ಬಗ್ಗಲ್ಲ ಇದು, ಅರದಲ್ಲಿ ಉಜ್ಜೇ ತೆಗೀಬೇಕು."

"ಬಿಸಿನೀರು ಮುಟ್ಟದೇ ಇರೋ ಹೆಂಗಸು ಯಾವೂರಲ್ಲವ್ಳೆ, ಅಕ್ಕಾ?"

"ನಮ್ಮ ಗಿರಾಕಿಗಳ ಮನೇಲವ್ರೆ ಕಣೇ. ಅವ್ರ ಬಿಸಿನೀರು ಮುಟ್ಟೋಕೆ ನಿಮ್ಮಂಥೋರು ಇದೀರಲ್ಲ!"

ಹೇಮಲತಾ ನಕ್ಕಿದ್ದಳು. ಕೋಮಲಳೂ ನಕ್ಕಿದ್ದಳು. ಕೆಲವು ಮಾತಿಗೆ ನಗದೆ ಬೇರೆ ದಾರಿ ಇರುವುದಿಲ್ಲ.

ಸಂದಿ ತುಂಬಿಸುವುದು ಗುರುವಾರ ಎಂದಾಗಿತ್ತು. ಮಂಗಳವಾರ ಸಂಜೆ ಊರಿನಿಂದ ಫೋನು: ಅವ್ವನಿಗೆ ಜ್ವರ, ಎರಡು ದಿನದಿಂದ ಕೆಲಸಕ್ಕೆ ಹೋಗಿಲ್ಲ. ಕೋಮಲ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿನಲ್ಲಿ ಇಳಿದು, ಬಸ್ತಿಹಳ್ಳಿ ದಾಟಿ, ಊರಾಚೆಯ ಕೇರಿ ಸೇರಿದಾಗ ಕತ್ತಲಾಗಿತ್ತು.

ಅವ್ವ ಭಾಗಮ್ಮ ಊರ ಶಾಲೆಯ ಬಿಸಿಯೂಟಕ್ಕೆ ಸಹಾಯಕಿ. ಯೋಜನೆ ಬಂದ ವರ್ಷ, ಕೇರಿಯವಳೊಬ್ಬಳು ಅಡುಗೆಮನೆಯೊಳಗೆ ಕಾಲಿಡುವುದಕ್ಕೆ ಊರು ಸುಮ್ಮನೆ ಒಪ್ಪಿರಲಿಲ್ಲ. ತಿಂಗಳುಗಟ್ಟಲೆ ಪಂಚಾಯ್ತಿ ನಡೆದು ಒಂದು ಒಪ್ಪಂದವಾಗಿತ್ತು. ಒಲೆ ಮುಟ್ಟುವವಳು, ಸೌಟು ಹಿಡಿಯುವವಳು ಮುಖ್ಯ ಅಡುಗೆಯ ರುದ್ರಮ್ಮ. ಭಾಗಮ್ಮ ಪಾತ್ರೆ ತೊಳೆಯಬೇಕು, ತರಕಾರಿ ಹೆಚ್ಚಬೇಕು, ಅಷ್ಟೇ. ಯಾವ ಕಾಗದದಲ್ಲೂ ಬರೆಯದ ಒಪ್ಪಂದ. ಬರೆದಿದ್ದರೆ ಜೈಲಾಗುತ್ತಿತ್ತು ಎಂಬುದು ಒಪ್ಪಂದ ಮಾಡಿದವರಿಗೂ ಗೊತ್ತಿತ್ತು.

"ನಾಳೇನೂ ಹೋಗ್ದಿದ್ರೆ ಮೂರು ದಿನ ಆಯ್ತದೆ ಕಣವ್ವ," ಅವ್ವ ಕಂಬಳಿಯೊಳಗಿಂದ ಅಂದಳು. "ಉದಯಕುಮಾರ ಅವನ ಕಡೆಯೋಳ್ನ ಸೇರಿಸೋಕೆ ಕಾಯ್ತಾ ಕುಂತವ್ನೆ. ನೀನು ಒಂದಿನ ಹೋಗಿ ಬಾ."

ಉದಯಕುಮಾರ ಶಾಲಾ ಸಮಿತಿಯ ಅಧ್ಯಕ್ಷ. ಅವನ ಮಗಳು ಮಂಜುಶ್ರೀ ಅದೇ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು.

ಬೆಳಗಿನ ಜಾವ ಕೋಮಲ ಒದ್ದೆಬಟ್ಟೆ ಹಿಂಡಿ ಹಿಂಡಿ ಅವ್ವನ ಹಣೆಗೆ ಹಾಕಿದಳು. ಉಂಗುರ ಬೆರಳಿನ ಉಗುರಿನ ಅಂಚು ಎದ್ದಿರುವುದು ಆಗಲೇ ಗೊತ್ತಾಗಿತ್ತು. ಅದರ ಸಂದಿಗೆ ಅವ್ವನ ಒಂದು ಕೂದಲು ಸಿಕ್ಕಿಕೊಂಡಿತು. ಕೂದಲನ್ನು ಕಡಿದುಕೊಂಡು, ಸಂಜೆಗೆ ನೋಡಿದರಾಯಿತು ಎಂದು, ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ ಹಾಕಿ ಶಾಲೆಗೆ ಹೊರಟಳು.

ಅಡುಗೆಮನೆಯಲ್ಲಿ ರುದ್ರಮ್ಮ ಮೆಟ್ಟಿಲ ಮೇಲೆ ಕುಳಿತು ಬಲ ರಟ್ಟೆ ನೀವಿಕೊಳ್ಳುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಹಣೆ ತುಂಬ ವಿಭೂತಿ.

"ಬಾಗ್ಲು ಮುಂದಕ್ ಮಾಡು. ಬೇಳೆ ತೊಳ್ದು ಒಲೆ ಮ್ಯಾಲಿಡು."

"ನಾನಾ, ರುದ್ರಮ್ನೋರೆ?"

"ನಿಮ್ಮವ್ವ ಏನೂ ಹೇಳಿಲ್ವಾ? ಹೇಳಿರಾಕಿಲ್ಲ, ಅವ್ಳು ಬಾಯಿ ಬಿಡೋಳಲ್ಲ." ರುದ್ರಮ್ಮ ದನಿ ಇಳಿಸಿದಳು. "ನನ್ನ ರಟ್ಟೆ ಬಿದ್ದು ನಾಲ್ಕು ವರ್ಸ ಆಯ್ತು ಕಣೇ. ಅಷ್ಟು ದೊಡ್ಡ ಹಂಡೇಲಿ ಸೌಟು ತಿರುವಾಕಾಯ್ತದಾ? ನಿಮ್ಮವ್ವ ಮಾಡ್ತಾಳೆ, ನಾನು ಬಡಿಸ್ತೀನಿ. ಬಾಗ್ಲು ಹಾಕಿರ್ತದೆ. ಯಾರಿಗೂ ನೋವಿಲ್ಲ."

ಕೋಮಲ ಬಾಗಿಲು ಹಾಕಿದಳು. ಅಕ್ಕಿ ತೊಳೆದಳು, ತೆಂಗಿನಕಾಯಿ ತುರಿದಳು, ಬಿಸಿನೀರಿನಲ್ಲಿ ನೆನೆದ ಹುಣಸೆಹಣ್ಣನ್ನು ಎಡಗೈಯಲ್ಲೇ ಕಿವುಚಿ ಹಿಂಡಿ ಸಾರಿಗೆ ಬಿಟ್ಟಳು. ಹೇಮಲತಕ್ಕ ಬೇಡವೆಂದದ್ದನ್ನೆಲ್ಲ ಒಂದೇ ಬೆಳಗ್ಗೆ ಮಾಡಿ ಮುಗಿಸಿದ್ದಳು.

ಊಟದ ಬೆಲ್ಲಿಗೆ ಇನ್ನು ಸ್ವಲ್ಪ ಹೊತ್ತಿತ್ತು. ಬೆವರು ಒರೆಸಿಕೊಳ್ಳಲು ಕೈ ಎತ್ತಿದಾಗ ಕೆನ್ನೆಗೆ ನಾಲ್ಕು ಉಗುರು ತಾಗಿದವು. ಐದನೆಯದು ತಾಗಲಿಲ್ಲ.

ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಉಂಗುರ ಬೆರಳಿನಲ್ಲಿ ಅವಳದೇ ಉಗುರು, ಸವೆದು ತೆಳ್ಳಗೆ, ಬಿಳಿಚಿಕೊಂಡು ಕುಳಿತಿತ್ತು. ಮೇಲಿನದು ಇರಲಿಲ್ಲ.

ನೆಲ ನೋಡಿದಳು. ಬಚ್ಚಲ ತೂತು ನೋಡಿದಳು. ಹುಣಸೆಯ ಚರಟವನ್ನು ಬೊಗಸೆಯಲ್ಲಿ ಹಿಸುಕಿ ಹಿಸುಕಿ ನೋಡಿದಳು. ಬೀಜ ಸಿಕ್ಕಿತು, ನಾರು ಸಿಕ್ಕಿತು. ಹಾಗಾದರೆ ಸಾರಿನಲ್ಲೇ. ಹಂಡೆಯೊಳಗೆ ಬೇಳೆ, ಕುಂಬಳ, ಈರುಳ್ಳಿ ಕೊತಕೊತ ಕುದಿಯುತ್ತಿದ್ದವು. ಆ ಉಗುರಿಗೆ ಬಣ್ಣವೂ ಇರಲಿಲ್ಲ; ಚರ್ಮದ ಜೊತೆ ಹೊಂದಲೆಂದು ಹೇಮಲತಕ್ಕ ತೆಳು ಗುಲಾಬಿಯನ್ನೇ ಆರಿಸಿದ್ದಳು. ಸಾರಿನಲ್ಲಿ ಅದು ಈರುಳ್ಳಿಯ ಎಸಳು. ಆದರೆ ಈರುಳ್ಳಿಯಂತೆ ಬೇಯುವುದಿಲ್ಲ, ಬಗ್ಗುವುದಿಲ್ಲ. ಅರ ಹಾಕಿದರೂ ಹಠ ಹಿಡಿಯುವ ವಸ್ತು. ಮುರಿದ ಕಡೆ ಬ್ಲೇಡಿನಂಥ ಅಂಚು. ಒಂದನೆಯ ಕ್ಲಾಸಿನ ಕೂಸುಗಳು ಅಗಿಯುವುದಿಲ್ಲ, ನುಂಗುತ್ತವೆ.

"ರುದ್ರಮ್ನೋರೆ, ನನ್ನ ಉಗುರು ಬಿದ್ದೈತೆ. ಸಾರಲ್ಲಿ."

ರುದ್ರಮ್ಮ ಅವಳ ಕೈ ನೋಡಿದಳು, ಹಂಡೆ ನೋಡಿದಳು. "ಬಾಯ್ಮುಚ್ಕೊಂಡಿರು."

"ಮಗೀನ ಗಂಟ್ಲಿಗೆ ಸಿಕ್ಕಿದ್ರೆ?"

"ನೂರಾ ಹತ್ತು ಮಕ್ಳು. ಯಾರಿಗೋ ಬಾಯಿಗೆ ಸಿಕ್ಕಿದ್ರೆ ಉಗೀತವೆ." ಹಾಗೆ ಅಂದವಳೇ ಬಾಗಿಲು ಭದ್ರವಿದೆಯೇ ಎಂದು ತಿರುಗಿ ನೋಡಿದಳು. "ನಿನ್ನ ಉಗುರು ಸಾರಲ್ಲಿ ಅಂದ್ರೆ, ನಿನ್ನ ಕೈ ಸಾರಿಗೆ ಹೆಂಗೆ ಬಂತು ಅಂತಾರೆ. ಏನೇಳ್ತೀಯ? ನಿಮ್ಮವ್ವನ ಕೆಲ್ಸ ಹೋಯ್ತದೆ. ನನ್ನ ಮನೆಯೋರು ನನ್ನ ಒಳಕ್ಕೆ ಬಿಟ್ಕತ್ತಾರಾ?"

ಕೋಮಲ ಸೌಟಿನಲ್ಲಿ ಎತ್ತಿ ಎತ್ತಿ ನೋಡತೊಡಗಿದಳು. ಹಬೆ ಕಣ್ಣಿಗೆ ಹೊಡೆಯಿತು. ಹತ್ತು ಸೌಟು, ಹದಿನೈದು. ಬೆಲ್ಲು ಹೊಡೆಯಿತು. ಹೊರಗೆ ತಟ್ಟೆಗಳ ಸದ್ದು, ಸಾಲಿಗಾಗಿ ತಳ್ಳಾಟ, ಮೇಷ್ಟ್ರ ಗದರಿಕೆ. ಮಕ್ಕಳಿಗಿಂತ ಮೊದಲು ದೊಡ್ಡವರೊಬ್ಬರು ರುಚಿ ನೋಡಬೇಕೆಂಬ ನಿಯಮ. ಅವತ್ತು ಆ ಕುರ್ಚಿಯಲ್ಲಿ ಉದಯಕುಮಾರನೇ ಕುಳಿತಿದ್ದ.

ರುದ್ರಮ್ಮ ಅವನಿಗೆ ಎರಡು ತುತ್ತು ಬಡಿಸಿದಳು. ಕೋಮಲ ಬಾಗಿಲ ಮರೆಯಲ್ಲಿ ನಿಂತು ಅವನ ದವಡೆಯನ್ನೇ ನೋಡಿದಳು. ಅವನು ನುಂಗಿದ.

"ಇವತ್ತು ಸಾರು ಭೇಷಾಗದೆ, ರುದ್ರಮ್ಮ. ನಿಮ್ಮ ಕೈರುಚಿಯೇ ಬ್ಯಾರೆ."

ಬಡಿಸುವುದು ಶುರುವಾಯಿತು. ಮುಂದಿನ ಸಾಲಿನಲ್ಲಿ ಚೋಟುದ್ದದ ಮಕ್ಕಳು, ಅವರ ಹಿಂದೆ ಮಂಜುಶ್ರೀ. ಮೊದಲನೆಯ ಕೂಸು ಅನ್ನ ಕಲಸಿತು. ಬೆರಳಲ್ಲಿ ಏನನ್ನೋ ಎತ್ತಿ ನೋಡಿತು. ಈರುಳ್ಳಿ. ಬಾಯಿಗೆ ಹಾಕಿಕೊಂಡಿತು. ಎರಡನೆಯದು ಬಾಯಿ ತೆರೆಯಿತು.

"ತಿನ್ಬ್ಯಾಡ್ರೋ!"

ಕೋಮಲ ಓಡಿ ಬಂದು ಕೂಸಿನ ತಟ್ಟೆಯನ್ನು ಕಿತ್ತುಕೊಂಡಳು. ಜಗಲಿಯ ತಲೆಗಳೆಲ್ಲ ಇತ್ತ ತಿರುಗಿದವು.

"ನನ್ನ ಉಗುರು ಮುರಿದು ಸಾರಿಗೆ ಬಿದ್ದೈತೆ. ಚೂಪೈತೆ. ಯಾರೂ ತಿನ್ಬ್ಯಾಡ್ರಿ."

ಉದಯಕುಮಾರ ನಿಧಾನಕ್ಕೆ ಎದ್ದ. ತಟ್ಟೆಯಲ್ಲ, ಉಗುರಲ್ಲ, ಅವನಿಗೆ ಬೇಕಾದದ್ದು ಬೇರೆಯೇ ಇತ್ತು.

"ನಿನ್ನ ಉಗುರು ಸಾರಿಗೆ ಹೆಂಗಮ್ಮ ಬಂತು? ನಿನ್ ಕೆಲ್ಸ ಪಾತ್ರೆ ತೊಳೆಯೋದು ತಾನೇ?"

ರುದ್ರಮ್ಮ ಸೌಟು ಹಿಡಿದು ಕಂಬದಂತೆ ನಿಂತಿದ್ದಳು. ಅವಳ ಕಣ್ಣು ಬೇಡಿಕೊಳ್ಳುತ್ತಿತ್ತು. ಕೋಮಲ ಆ ಕಣ್ಣನ್ನೂ ನೋಡಿದಳು, ಒಂದನೆಯ ಕ್ಲಾಸಿನ ಕೂಸಿನ ಖಾಲಿ ಕೈಯನ್ನೂ ನೋಡಿದಳು.

"ನಾನೇ ಮಾಡಿದ್ದು, ಉದಯಣ್ಣ."

"ನಂಗೊತ್ತಿಲ್ದಂಗೆ!" ರುದ್ರಮ್ಮ ಕಿರುಚಿದಳು. "ನಾನು ಆಚೆ ಹೋಗಿದ್ದಾಗ ಮುಟ್ಟವ್ಳೆ! ಇವತ್ತೊಂದಿನ!"

ಮಂಜುಶ್ರೀ ತಟ್ಟೆ ಹಿಡಿದೇ ಅಪ್ಪನ ಕಡೆ ತಿರುಗಿದಳು. ದೊಡ್ಡವರು ಇಷ್ಟು ಸಣ್ಣ ವಿಷಯ ತಿಳಿಯದೆ ಕೂಗಾಡುತ್ತಿರುವುದು ಅವಳಿಗೆ ವಿಚಿತ್ರವೆನಿಸಿತ್ತು.

"ಅಪ್ಪಾ, ಸಾರು ಯಾವಾಗ್ಲೂ ಭಾಗಮ್ಮನೇ ಮಾಡದು. ರುದ್ರಮ್ಮಜ್ಜಿ ಸುಮ್ಕೆ ಕುಂತಿರ್ತದೆ. ಹಿಂದ್ಗಡೆ ಕಿಟಕೀಲಿ ಕಾಣ್ತದಲ್ಲ!"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೂರಾ ಹತ್ತು ಮಕ್ಕಳಿಗೂ ಗೊತ್ತಿತ್ತು. ಉದಯಕುಮಾರನ ಕೈ ತಾನಾಗಿಯೇ ಗಂಟಲಿಗೆ ಹೋಯಿತು. ಆಗ ತಾನೇ ಹೊಗಳಿ ನುಂಗಿದ ತುತ್ತು ಅಲ್ಲಿತ್ತು. ಮಗಳ ಹೊಟ್ಟೆಯಲ್ಲಿ ಮೂರು ವರ್ಷಕ್ಕೂ ಮಿಕ್ಕಿದ್ದಿತ್ತು. ಅವನ ಮುಖದಲ್ಲಿ ಕೋಮಲ ಕಂಡದ್ದು ಸಿಟ್ಟಲ್ಲ, ಹೆದರಿಕೆ. ಅದನ್ನು ಕಂಡು ಅವಳಿಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು. ಹೆದರಿದ ಊರು ಏನು ಮಾಡುತ್ತದೆಂದು ಕೇರಿಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸಾರನ್ನು ಗುಂಡಿಗೆ ಸುರಿದರು. ಮಕ್ಕಳು ಬರೀ ಅನ್ನಕ್ಕೆ ಉಪ್ಪು ಕಲಸಿ ತಿಂದವು.

ಕೋಮಲ ಮನೆಗೆ ಬಂದಾಗ ಅವ್ವ ಎದ್ದು ಗೋಡೆಗೊರಗಿ ಕುಳಿತಿದ್ದಳು. ಜ್ವರ ಬಿಟ್ಟಿತ್ತು. ಮಡಿಲಲ್ಲಿ ಬೆಳಗಿನ ಒದ್ದೆಬಟ್ಟೆ.

"ಇದೇನೇ ಇದು, ಮೀನಿನ ಪೊರೆ ಇದ್ದಂಗೈತೆ? ಬಟ್ಟೆ ಮಡಿಕೇಲಿ ಸಿಕ್ತು."

ಅವ್ವನ ಅಂಗೈಯಲ್ಲಿ ಉಗುರು. ಇಡೀ ಉಗುರು, ತೆಳು ಗುಲಾಬಿ, ಅಂಚಿಗೆ ಒಂದು ನರೆಗೂದಲು. ಕೋಮಲ ಅಲ್ಲೇ ಕುಸಿದಳು. ಸಾರಿನಲ್ಲಿ ಏನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮಕ್ಕಳು ಉಂಡು ಏಳುತ್ತಿದ್ದವು, ಅವ್ವನ ಕೆಲಸ ಉಳಿಯುತ್ತಿತ್ತು. ಅಳುತ್ತ ಎಲ್ಲ ಹೇಳಿದಳು.

ಅವ್ವ ಉಗುರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆಮೇಲೆ, "ಅಷ್ಟೂ ಚೆಲ್ಲಿದ್ರಾ?" ಅಂದಳು.

ಸಂಜೆ ಬೆಳಕಿರುವಾಗಲೇ ಕೇರಿಯ ಬಾಯಲ್ಲಿ ಮೋಟಾರ್ ಬೈಕುಗಳು ನಿಂತ ಸದ್ದು. ಕೇರಿಯೊಳಗೆ ಕಾಲಿಡದೆ ಉದಯಕುಮಾರ ಅಲ್ಲಿಂದಲೇ ಕೂಗಿದ. ಹಿಂದೆ ನಾಲ್ಕು ಜನ. ಅವ್ವ ಮಗಳ ತೋಳು ಹಿಡಿದುಕೊಂಡು ಹೋದಳು.

"ನಾಳೆಯಿಂದ ಬರ್ಬೇಡ, ಭಾಗಮ್ಮ. ಮಕ್ಕಳ ಊಟಕ್ಕೆ ಉಗುರು ಬೀಳ್ಸಿದ್ದು ಸಣ್ಣ ತಪ್ಪಲ್ಲ."

ಅವ್ವ ಅಂಗೈ ಚಾಚಿದಳು. "ಉಗುರು ಇಲ್ಲೈತೆ ಸಾಮಿ. ನನ್ನ ಹಣೆ ಬಟ್ಟೇಲಿತ್ತು. ಸಾರಲ್ಲಿರ್ಲಿಲ್ಲ." ಒಂದು ಉಸಿರು ಎಳೆದುಕೊಂಡಳು. "ಇನ್ಯಾವ ತಪ್ಪಿಗೆ ಬಿಡಿಸ್ತೀರೋ ಅದನ್ನ ಒಂದು ಕಾಗದದಲ್ಲಿ ಬರ್ಕೊಡಿ. ಸೈನ್ ಹಾಕಿ ಕೊಡಿ."

ಉದಯಕುಮಾರ ಹಿಂದಿನವರ ಕಡೆ ನೋಡಿದ. ಯಾರ ಜೇಬಿನಿಂದಲೂ ಪೆನ್ನು ಹೊರಬರಲಿಲ್ಲ.

"ನಾಳೆ ಅದೆಂಗೆ ಒಳಕ್ಕೆ ಬತ್ತೀಯೋ ನೋಡೇಬಿಡ್ತೀನಿ," ಅಂದ. ಬೈಕುಗಳು ತಿರುಗಿದವು.

ಮನೆಯೊಳಗೆ ಬಂದು ಅಗುಳಿ ಹಾಕಿದ ಮೇಲೆ ಅವ್ವ ನೆಲಕ್ಕೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೇ ಅಂದಳು:

"ನಾಳೆ ಬಾಗ್ಲು ತೆಗೆದಿಟ್ಕೊಂಡೇ ಮಾಡ್ತೀನಿ. ತಿನ್ನೋರು ತಿನ್ಲಿ. ಅಷ್ಟು ದೊಡ್ಡ ಹಂಡೆ, ನಂಗಿನ್ನೂ ಸುಸ್ತೈತೆ. ನೀನೂ ಬತ್ತೀಯಲ್ಲ?"

ಕೋಮಲ ಬ್ಯಾಗಿನಿಂದ ಪಾರ್ಲರಿನ ಅರ ತೆಗೆದು, ದೀಪದ ಕೆಳಗೆ ಕೂತು, ಉಳಿದ ನಾಲ್ಕು ಉಗುರುಗಳನ್ನು ಉಜ್ಜತೊಡಗಿದಳು. ಹೇಮಲತಕ್ಕನ ಜೆಲ್ ಸುಲಭಕ್ಕೆ ಬಿಡುವಂಥದ್ದಲ್ಲ. ಬಿಳಿ ಪುಡಿ ಲಂಗದ ಮೇಲೆ ಉದುರುತ್ತಿತ್ತು. ಅರ ಜಾರಿ ಜಾರಿ ಚರ್ಮಕ್ಕೆ ತಾಗುತ್ತಿತ್ತು. ಹೊರಗೆ ನಾಯಿ ಬೊಗಳಿದಾಗಲೆಲ್ಲ ನಿಲ್ಲಿಸಿ ಕಿವಿಗೊಡುತ್ತಿದ್ದಳು, ಮತ್ತೆ ಉಜ್ಜುತ್ತಿದ್ದಳು.