ಬಾಗಿಲು ಎಡಕ್ಕೋ ಬಲಕ್ಕೋ

ನಾಲ್ಕು ಗಂಟೆಯೊಳಗೆ ಬರಹ ಕೈಸೇರದಿದ್ದರೆ ಮುಂದಿನ ಕೆಲಸದ ಆಸೆ ಬಿಡಿ ಎಂದು ಕಚೇರಿಯವರು ಮೊದಲೇ ಹೇಳಿದ್ದರು. ರೆಕಾರ್ಡಿಂಗ್ ಕೇಳಿ, ಯಾರು ಏನು ಹೇಳಿದರೆಂದು ಟೈಪು ಮಾಡಿಕೊಡುವುದು. ಮಗು ಹುಟ್ಟಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ. ಆಗಲೇ ಮೂರು ದಾಟಿತ್ತು.

ಅದೊಂದು ಆಸ್ಪತ್ರೆಯ ವಿಚಾರಣೆ. ಔಷಧದ ಬೀರುವಿಗೆ ಬೀಗ ಹಾಕದೆ ಹೋದವರು ಯಾರು ಎಂಬ ಪ್ರಶ್ನೆ. ಮೇಜಿನ ಎಡಕ್ಕೆ ಹಿರಿಯ ನರ್ಸ್, ಬಲಕ್ಕೆ ಕಿರಿಯ ನರ್ಸ್. ಇಬ್ಬರ ದನಿಯೂ ಒಂದೇ ಅಚ್ಚಿನಲ್ಲಿ ತೆಗೆದಂತಿತ್ತು. ಯಾರು ಎಲ್ಲಿ ಕೂತಿದ್ದರೆಂದು ಕಚೇರಿಯವರು ನಕ್ಷೆಯನ್ನೂ ಕಳಿಸಿದ್ದರು.

ಅವಳ ಹಳೆಯ ಹೆಡ್‌ಫೋನ್‌ನಲ್ಲಿ ಇಬ್ಬರೂ ನೆತ್ತಿಯ ನಡುವೆ ಒತ್ತಿಕೊಂಡು ಕೂತಂತೆ ಕೇಳುತ್ತಿತ್ತು. ರೇಡಿಯೊ ರಿಪೇರಿ ಮಾಡುವ ತಮ್ಮ ಬೆಳಿಗ್ಗೆ ತನ್ನ ದೊಡ್ಡ ಹೆಡ್‌ಫೋನ್ ತಂದುಕೊಟ್ಟಿದ್ದ. ಅದರ ಕಿವಿಬಟ್ಟಲುಗಳ ಹಿಂಬದಿ ಜರಡಿಯಂತೆ ತೂತು ತೂತು.

"ಇದ್ರಲ್ಲಿ ದನಿ ತಲೆಯೊಳಗೆ ಕೂರಲ್ಲ ಅಕ್ಕ, ಕೋಣೆ ತುಂಬ ಹರಡ್ಕೊಳ್ಳುತ್ತೆ. ಯಾರು ಎಲ್ಲಿದಾರೆ ಅಂತ ಬೆರಳು ಮಾಡಿ ತೋರಿಸ್ಬಹುದು. ಮಗು ಅತ್ರೂ ಕೇಳುತ್ತೆ."

ಅತ್ತೆ ತಾವೂ ಹಾಕಿಕೊಂಡು ಒಂದು ಹಾಡು ಕೇಳಿ ಮುಖ ಕಿವುಚಿದ್ದರು. "ಹಾಡೋಳು ಎದುರುಮನೆ ಮೆಟ್ಟಿಲಿಗೆ ಹೋಗಿ ಕೂತ್ಲಲ್ಲಪ್ಪ. ನನಗೆ ಹಳೇದೇ ಇರಲಿ. ಅದ್ರಲ್ಲಿ ನನ್ನೊಬ್ಬಳಿಗೇ ಹಾಡ್ತಾಳೆ."

"ಒಬ್ರೇ ಹಾಡಿದ್ರೆ ಅದೇ ಸರಿ ಅತ್ತೆ. ಹತ್ತು ಜನ ಸೇರಿ ಬಾರಿಸ್ತಿದ್ರೆ ಇದು ಬೇಕು," ಎಂದು ತಮ್ಮ ನಕ್ಕಿದ್ದ.

ಈಗ ಹನ್ನೊಂದನೆಯ ಪುಟ. ಬಲಗಡೆ ಬಾಗಿಲು ಕಿರ್ರೆಂದಿತು. ಅತ್ತೆ ಬಂದರೆಂದು ಅವಳು ತಿರುಗಿದಳು. ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಸದ್ದು ರೆಕಾರ್ಡಿಂಗಿನದು. ನಕ್ಷೆ ನೋಡಿದಳು: ಬಾಗಿಲು ಹಿರಿಯ ನರ್ಸಿನ ಬೆನ್ನ ಹಿಂದೆ, ಎಡಕ್ಕೆ.

ಕಿವಿಯ ಹತ್ತಿರ ಕೈಯಾಡಿಸಿ ನೋಡಿದಳು. ಎಡಗಿವಿಯ ಕಡೆ ಇರಬೇಕಾದ ವೈರು ಬಲಕ್ಕೆ ನೇತಾಡುತ್ತಿತ್ತು. ಎಡತೊಡೆಯ ಮೇಲಿದ್ದ ಮಗು ವೈರು ಜಗ್ಗಿದಾಗ, ಅದರ ಕೈಗೆ ಸಿಗದಿರಲೆಂದು ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಂಡಿದ್ದಳು. ಆಗಿನಿಂದ ಎಡದವಳ ಮಾತೆಲ್ಲ ಬಲದವಳ ಹೆಸರಿಗೆ ಹೋಗಿತ್ತು. 'ಬೀಗ ಹಾಕೋದು ನಾನೇ ಮರೆತೆ' ಎಂಬ ಒಂಬತ್ತನೆಯ ಪುಟದ ಮಾತೂ.

ಎಲ್ಲ ಹೆಸರನ್ನೂ ಅದಲುಬದಲು ಮಾಡುವಂತೆಯೂ ಇಲ್ಲ. ಮೊದಮೊದಲು ಸರಿಯಾಗಿಯೇ ಹಾಕಿಕೊಂಡಿದ್ದಳಲ್ಲ. ಎದ್ದು ಅಡುಗೆಮನೆಗೆ ಓಡಿದಳು.

"ಅತ್ತೆ, ಮಗು ವೈರು ಜಗ್ಗಿದ್ದು ಎಷ್ಟೊತ್ತಿಗೆ?"

"ನಾನೇನು ಗಡಿಯಾರ ಹಿಡ್ಕೊಂಡು ಕೂತಿದ್ನೇನೆ? ನೀನು ಟಕಟಕ ಕುಟ್ತಿದ್ದೆ, ವೈರು ಸಿಗದೆ ಅದೂ ನಿನ್ನ ಜೊತೆ ಕುಟ್ತಿತ್ತು. ಅದಕ್ಕೇ ಎತ್ಕೊಂಡು ಬಂದು ಮಲಗಿಸ್ದೆ."

ಅವಳು ಹಾಗೇ ಹಿಂದಕ್ಕೋಡಿ ಪುಟಗಳನ್ನು ಸರಸರನೆ ಸರಿಸಿದಳು. ಆರನೆಯ ಪುಟದ ನಡುವೆ, ಇಬ್ಬರ ಮಾತಿನ ಮಧ್ಯೆ, 'ಕಕಕಕಗಗಗ' ಎಂದಿತ್ತು. ಮಗುವಿನ ಅಂಗೈಯ ಕೆಲಸ. ಹೆಡ್‌ಫೋನನ್ನು ಸರಿಯಾಗಿ ಹಾಕಿಕೊಂಡು ಅದರ ಹಿಂದುಮುಂದಿನ ಮಾತು ಕೇಳಿದಳು. ಹಿಂದಿನದೆಲ್ಲ ನೆಟ್ಟಗಿತ್ತು, ಮುಂದಿನದೆಲ್ಲ ತಿರುವುಮುರುವು. ಅಲ್ಲಿಂದ ಒಂದೊಂದೇ ಹೆಸರು ತಿದ್ದುತ್ತ ಬಂದಳು. ಬೀಗದ ಮಾತು ಹಿರಿಯಳ ಪಾಲಿಗೆ ಮರಳಿತು. ಉಳಿದ ಎರಡು ಪುಟ ಮುಗಿಸಿ ಕಳಿಸಿದಾಗ ನಾಲ್ಕಕ್ಕೆ ಮೂರು ನಿಮಿಷ.

ಬಂದ ಉತ್ತರ ಒಂದೇ ಸಾಲು: ನಾಳೆ ಎಂಟು ಜನರ ಸಭೆ ಇದೆ, ನಕ್ಷೆ ಜೊತೆಗಿದೆ.

ಎಡಬಟ್ಟಲಿಗೆ ಕೆಂಪು ದಾರ ಕಟ್ಟಿದಳು. ಆದರೂ ಮನಸ್ಸು ತಡೆಯದೆ, ಬೀಗದ ಮಾತನ್ನು ಇನ್ನೊಮ್ಮೆ ಕೇಳಲು ಕೂತಳು. ಎಡಕ್ಕೇ ಇತ್ತು. ಮತ್ತೊಮ್ಮೆ ಕೇಳಿದಳು.

ಬಲಗಡೆ ಬಾಗಿಲು ಕಿರ್ರೆಂದಿತು. ಅವಳು ತಿರುಗದೆ ಗಾಬರಿಯಿಂದ ನಕ್ಷೆಯನ್ನೇ ನೋಡಿದಳು.

"ಆ ಚೀಟೀಲಿ ಏನು ಹುಡುಕ್ತೀಯೆ, ಇಲ್ಲಿದೀನಿ," ಎಂದರು ಅತ್ತೆ, ಎದ್ದು ಕೂಗಾಡುತ್ತಿದ್ದ ಮಗುವನ್ನು ಅವಳ ಮಡಿಲಿಗೆ ಹಾಕುತ್ತ.