ಎರಡನೇ ಸೀಟಿ

“ಏನೇ, ನಿನ್ನ ಚಾಕ್‌ಪೀಸಿಗೆ ಹೆದರಿ ನಾನು ಮದ್ದು ಸಿಡಿಸೋದು ನಿಲ್ಲಿಸಬೇಕಾ? ಬೋಳಿಮಗಳೆ, ಈ ಬಂಡೆ ಏನು ನಿಮ್ಮಪ್ಪ ಹೊತ್ತು ತಂದು ಇಟ್ಟಿದ್ದಾ?”

ಧಣಿ ಜೀಪಿನ ಬಾನೆಟ್ಟಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಕೆಳಗೆ ಜಲ್ಲಿಪುಡಿಯಲ್ಲಿ ಟೀಚರಮ್ಮ ನಿಂತಿದ್ದರು. ಸುತ್ತ ಕ್ವಾರಿಯ ಕೂಲಿಗಳು.

“ಮೊದಲಿನ ಹಾಗೆ ಮಕ್ಕಳು ಊಟಕ್ಕೆ ಬಿಟ್ಟಾಗ ಸಿಡಿಸಿ. ಪಾಠ ನಡೆಯೋವಾಗ ಬೇಡ. ನಾನು ಕೇಳ್ತಿರೋದು ಇಷ್ಟೇ.”

“ಕೇಳ್ರೋ, ಪಾಠವಂತೆ ಪಾಠ!” ಧಣಿ ಕೂಲಿಗಳ ಕಡೆ ತಿರುಗಿದ. “ಯಾರ ಮಕ್ಕಳು ದೊಡ್ಡ ಆಫೀಸರ್ ಆಗಬೇಕ್ರೋ? ಕೈ ಎತ್ತಿ ನೋಡೋಣ. ಎತ್ತಿದವರು ನಾಳೆಯಿಂದ ಇಲ್ಲಿಗೆ ಬರೋದು ಬೇಡ. ಮಕ್ಕಳ ಜೊತೆ ಶಾಲೆಗೇ ಹೋಗ್ಲಿ.”

ಯಾರು ಎತ್ತುತ್ತಾರೆ? ಸೀಟಿಯಕ್ಕನ ಮಗಳು ಆ ಶಾಲೆಯಲ್ಲಿ ಮೂರನೇ ಕ್ಲಾಸು. ಕೂಲಿಗಳ ನಡುವೆ ನಿಂತಿದ್ದ ತಾಯಿಯ ಕೈ ಕೊರಳಿನವರೆಗೆ ಎದ್ದಿತು. ಧಣಿಯ ಕಣ್ಣು ತನ್ನ ಕಡೆ ಹೊರಳಿದ ಕೂಡಲೇ ಅಲ್ಲೇ ಕತ್ತು ಕೆರೆದುಕೊಂಡು ಕೆಳಗಿಳಿಯಿತು.

“ನೋಡಿದ್ಯಾ? ನಿನ್ನ ಪಾಠ ನಾಯಿಗೂ ಬೇಡ.” ಧಣಿ ಡ್ರೈವರಿಗೆ ಕಣ್ಸನ್ನೆ ಮಾಡಿದ. ಡ್ರೈವರ್ ಜೀಪು ತೊಳೆದ ನೀರಿನ ಬಕೆಟ್ಟನ್ನು ಎತ್ತಿ ಟೀಚರಮ್ಮನ ತಲೆಯ ಮೇಲೆ ಸುರಿದ. ಬಟ್ಟೆ ಮೈಗಂಟಿತು. ಕೆಲವು ಗಂಡಸರು ಮುಖ ತಿರುಗಿಸಿದರು. ಕೆಲವರು ತಿರುಗಿಸಲಿಲ್ಲ.

ಟೀಚರಮ್ಮ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದು ಒದ್ದೆ ಬಟ್ಟೆಯಲ್ಲಿ, ಕೆಸರು ಇನ್ನಷ್ಟು ಹರಡಿತು. “ಮತ್ತೆ ಬರ್ತೀನಿ” ಎಂದರು.

“ಬಾ ಬಾ. ಇನ್ನೂ ನೀರಿದೆ.”

ಸೀಟಿಯಕ್ಕ ಅನ್ನುವ ಹೆಸರು ಅವಳಿಗೆ ಕೆಲಸದಿಂದ ಬಂದದ್ದು. ಕ್ವಾರಿ ಗುಂಡಿಯ ಈಚೆ ದಂಡೆಯ ದಿಬ್ಬದ ಮೇಲೆ, ಕಬ್ಬಿಣದ ಸರಳಿಗೆ ಕಟ್ಟಿದ ಕೆಂಪು ಬಾವುಟ ಹಿಡಿದು ಅವಳು ನಿಲ್ಲಬೇಕು. ಎದುರಿನ ಬಂಡೆಗೋಡೆಯ ಬುಡದಲ್ಲಿ ಮದ್ದಿನಣ್ಣ ತೂತುಗಳಿಗೆ ಮದ್ದು ತುಂಬಿ, ಬತ್ತಿ ಇಟ್ಟು ಕಾಯುತ್ತಾನೆ. ಅವಳು ಮೊದಲ ಸೀಟಿ ಊದಿದರೆ ಎಲ್ಲರೂ ಮರೆ ಸೇರಬೇಕು. ಗೋಡೆಯ ನೆತ್ತಿಯಿಂದ ಕೆಳಗಿನ ಲಾರಿ ದಾರಿಯವರೆಗೆ ಒಂದು ಜೀವವೂ ಇಲ್ಲ ಅಂತ ಕಣ್ಣಾರೆ ನೋಡಿ ಎರಡನೆಯದು ಊದಿದರೆ, ಅವನು ಬತ್ತಿಗೆ ಬೆಂಕಿ ಇಟ್ಟು ಓಡಿಹೋಗಿ ಕಲ್ಲಿನ ಗೂಡು ಹೊಗುತ್ತಾನೆ. ಬುಡದಲ್ಲಿ ಬಗ್ಗಿದವನಿಗೆ ನೆತ್ತಿ ಕಾಣುವುದಿಲ್ಲ. ಜಲ್ಲಿ ಒಡೆಯುವ ಕ್ರಷರ್ ಸದ್ದಿನಲ್ಲಿ ಎಷ್ಟು ಕೂಗಿದರೂ ಗಂಟಲು ಹರಿಯುತ್ತದೆಯೇ ಹೊರತು ಮಾತು ಮುಟ್ಟುವುದಿಲ್ಲ. ಸೀಟಿ ಮುಟ್ಟುತ್ತದೆ.

ಅವಳ ಗಂಡನೂ ಮದ್ದು ಹಾಕುತ್ತಿದ್ದವನೇ. ಒಂದು ಸಲ ಬತ್ತಿ ಸರಸರ ಉರಿದುಬಿಟ್ಟಿತು. ಅವನು ಗೂಡು ಮುಟ್ಟಲಿಲ್ಲ. ಉಳಿದದ್ದನ್ನು ಗೋಣಿಚೀಲದಲ್ಲಿ ತಂದುಕೊಟ್ಟ ಧಣಿ, ದೊಡ್ಡ ಮನಸ್ಸು ಮಾಡಿ ಹೆಂಡತಿಯ ಕೊರಳಿಗೆ ಸೀಟಿ ಹಾಕಿಸಿದ.

ಶಾಲೆ ಇದ್ದದ್ದು ಅದೇ ಬಂಡೆಯ ಬೆನ್ನಿನ ಮೇಲೆ. ಒಂದೇ ಕೋಣೆ, ತಗಡಿನ ಸೂರು, ಅಡಿಯಲ್ಲಿ ಧಣಿ ಕಣ್ಣಿಟ್ಟಿದ್ದ ಬಿರುಕಿಲ್ಲದ ಒಳ್ಳೇ ಕಲ್ಲು. ಶಾಲೆ ತಾನಾಗಿ ಎದ್ದು ಹೋಗಲಿ ಅಂತಲೇ ಧಣಿ ಸಿಡಿಸುವ ಹೊತ್ತನ್ನು ಪಾಠದ ಹೊತ್ತಿಗೆ ತಂದದ್ದು. ಟೀಚರಮ್ಮ ಹೋಗಲಿಲ್ಲ. ಮೊದಲ ಸೀಟಿ ಕೇಳಿದ್ದೇ ತಡ, ಮಕ್ಕಳನ್ನು ಬೆಂಚಿನಡಿ ಮಲಗಿಸುತ್ತಿದ್ದರು. ಹೊಟ್ಟೆ ನೆಲಕ್ಕೆ, ಕೈ ತಲೆಗೆ, ಕಿವಿ ಒಡೆಯದ ಹಾಗೆ ಬಾಯಿ ತೆರೆದು. ಒಂದನೇ ಕ್ಲಾಸಿನ ಮಕ್ಕಳು ಅಕ್ಷರಕ್ಕಿಂತ ಮುಂಚೆ ಇದನ್ನು ಕಲಿಯುತ್ತಿದ್ದವು.

ಹಾಗಂತ ಟೀಚರಮ್ಮನನ್ನು ಕಂಡರೆ ಸೀಟಿಯಕ್ಕನಿಗೆ ಪ್ರೀತಿ ಉಕ್ಕುತ್ತಿತ್ತು ಅಂತಲ್ಲ. ಆ ಹೆಂಗಸಿನ ನಾಲಿಗೆ ಕತ್ತರಿ. ಒಂದು ಸಂಜೆ ಮಗಳು ಕೆನ್ನೆ ಊದಿಸಿಕೊಂಡು ಬಂದಾಗ ಸೀಟಿಯಕ್ಕ ನೇರ ಜಗಳಕ್ಕೇ ಹೋದಳು.

“ಹೆತ್ತವಳು ನಾನು. ಹೊಡೆಯೋಕೆ ನೀವು ಯಾರ್ರೀ?”

ಟೀಚರಮ್ಮ ಬೆರಳೆತ್ತಿ ಮೇಲೆ ತೋರಿಸಿದರು. ತಗಡು ಹರಿದು ಆಕಾಶ ಕಾಣುತ್ತಿತ್ತು. ಕೆಳಗೆ ಕಿಟಕಿಯ ಪಕ್ಕ ಕುಂಬಳಕಾಯಿ ಗಾತ್ರದ ಕಲ್ಲು ನೆಲ ಬಿರಿಸಿ ಕೂತಿತ್ತು.

“ಅಮ್ಮ ಊದ್ತಿದ್ದಾಳೆ ನೋಡ್ತೀನಿ ಅಂತ ಕಿಟಕಿಗೆ ಓಡಿದ್ಳು ನಿನ್ನ ಮಗಳು. ಕೆನ್ನೆಗೆ ಬಿಟ್ಟು ಬೆಂಚಿನಡಿ ತಳ್ಳಿದೆ. ಇನ್ನೊಂದ್ಸಲ ಓಡಿದ್ರೆ ಇನ್ನೊಂದು ಬಿಡ್ತೀನಿ. ಆಮೇಲೆ, ಅವಳ ತಲೆ ತುಂಬ ಹೇನು. ನೋಡಬಾರದೇನೇ?”

ಸೀಟಿಯಕ್ಕ ಆ ಕಲ್ಲನ್ನು ಹೊರಗೆ ಉರುಳಿಸಿಕೊಟ್ಟು ಬಂದಳು.

ಬಕೆಟ್ಟಿನ ನೀರು ಬಿದ್ದ ಮೇಲೂ ಟೀಚರಮ್ಮ ಸುಮ್ಮನಿರಲಿಲ್ಲ. ಎಲ್ಲೆಲ್ಲಿಗೋ ದೂರು ಬರೆದರು. ಕೊನೆಗೆ ಶಾಲೆಗಳ ಸಾಹೇಬರು ಬಂದರು, ಧಣಿಯ ಜೀಪಿನಲ್ಲೇ. ಅವರಿಗೆ ಚಹಾ ಹಿಡಿದುಕೊಂಡು ಸೀಟಿಯಕ್ಕ ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

ಸಾಹೇಬರು ಸೂರಿನ ತೂತು ನೋಡಿದರು. “ಗಾಳಿ ಬೆಳಕಿಗೆ ಏನೂ ಕೊರತೆ ಇಲ್ಲವಲ್ಲ!” ಎಂದರು. ಧಣಿ ಹೊಟ್ಟೆ ಕುಣಿಸಿ ನಕ್ಕ.

“ಸರ್, ನಿನ್ನೆ ಕಲ್ಲು ಬಿದ್ದಿದ್ದು ಆ ಬೆಂಚಿನ ಮೇಲೆ” ಎಂದರು ಟೀಚರಮ್ಮ.

“ಅದಕ್ಕೇ ಬಂದಿದ್ದಮ್ಮ. ಮಕ್ಕಳ ಪ್ರಾಣ ಮುಖ್ಯ. ಇಂಥ ಅಪಾಯದ ಜಾಗದಲ್ಲಿ ಶಾಲೆ ನಡೆಸೋದು ತಪ್ಪು. ನಾಳೆಯಿಂದ ಬೀಗ.”

“ಕಲ್ಲು ನಿಲ್ಲಿಸಿ ಅಂತ ಬರೆದಿದ್ದೆ ಸರ್. ಶಾಲೆ ನಿಲ್ಲಿಸಿ ಅಂತಲ್ಲ.”

“ಪೇಟೆಯಲ್ಲಿ ಶಾಲೆ ಇಲ್ವಾ? ನಡೆದು ಹೋಗ್ಲಿ.”

“ಹೆದ್ದಾರಿ ದಾಟಿ? ಆರು ವರ್ಷದ ಮಕ್ಕಳಾ?”

“ನೋಡಮ್ಮ, ಸರಕಾರ ನಿನ್ನನ್ನ ಕಳಿಸಿದ್ದು ಮಗ್ಗಿ ಹೇಳಿಕೊಡೋಕೆ, ಲೀಡರ್ ಆಗೋಕಲ್ಲ.” ಸಾಹೇಬರು ಚಹಾ ಹೀರಿ ಮುಖ ಕಿವುಚಿದರು. “ಈ ಮಕ್ಕಳು ಓದಿ ಏನು ಕಡಿದು ಕಟ್ಟೆ ಹಾಕಬೇಕು, ಹೇಳು? ಹತ್ತು ವರ್ಷ ಕಳೆದ್ರೆ ಇದೇ ಗುಂಡಿಗೆ ಇಳಿಯೋವೇ.” ಉಳಿದ ಚಹಾ ನೆಲಕ್ಕೆ ಚೆಲ್ಲಿ, ಲೋಟವನ್ನು ನೋಡದೆಯೇ ಸೀಟಿಯಕ್ಕನ ಕಡೆ ಚಾಚಿದರು.

ಬೆಂಚಿನಲ್ಲಿ ಕೂತ ಅವಳ ಮಗಳು ಲೋಟವನ್ನೂ ನೋಡಿದಳು, ಅಮ್ಮನನ್ನೂ ನೋಡಿದಳು.

ಮಾರನೆಯ ದಿನ ಶಾಲೆಗೆ ಬೀಗ ಬಿತ್ತು. ಅಂದೇ ಗೋಡೆಯ ಉದ್ದಕ್ಕೂ ತೂತು ಕೊರೆಸಿ, ಹಿಂದೆಂದೂ ಹಾಕದಷ್ಟು ಮದ್ದು ತುಂಬಿಸಿದ ಧಣಿ. ಆ ಒಂದು ಏಟಿಗೆ ಶಾಲೆಯ ಅಂಗಳವೇ ಗುಂಡಿಗೆ ಬೀಳಬೇಕು ಅನ್ನುವ ಲೆಕ್ಕ. ನೋಡಲು ತಾನೇ ದಿಬ್ಬ ಹತ್ತಿ ಬಂದು ಸೀಟಿಯಕ್ಕನ ಪಕ್ಕ ನಿಂತ.

ಅವಳು ಮೊದಲ ಸೀಟಿ ಊದಿದಳು. ಕೂಲಿಗಳು ಓಡಿದರು. ಲಾರಿ ದಾರಿ ಖಾಲಿಯಾಯಿತು. ಕಣ್ಣೆತ್ತಿ ನೆತ್ತಿಯ ಕಡೆ ನೋಡಿದರೆ, ಟೀಚರಮ್ಮ ಬರುತ್ತಿದ್ದರು. ಅವರ ಹಿಂದೆ ಒಬ್ಬರ ಬೆನ್ನಿಗೆ ಒಬ್ಬರು ಮಕ್ಕಳು. ಗೋಡೆಯ ಅಂಚಿಗೆ, ಮದ್ದು ತುಂಬಿದ ತೂತುಗಳ ನೇರ ಮೇಲೆ ಅವರನ್ನು ಸಾಲು ಸಾಲಾಗಿ ಕೂರಿಸಿದರು. ಕರಿ ಬಂಡೆಯ ಮೇಲೆ ಚಾಕ್‌ಪೀಸಿನಿಂದ ಏನೋ ಬರೆದರು. ಬಾಯಿ ಆಡುತ್ತಿತ್ತು. ಕ್ರಷರ್ ಸದ್ದಿನಲ್ಲಿ ಏನೂ ಕೇಳುವಂತಿರಲಿಲ್ಲ.

ಎರಡನೇ ಸಾಲಿನಲ್ಲಿ ಅವಳ ಮಗಳು.

‘ಹುಚ್ಚು ಮುಂಡೆ, ನನ್ನ ಕೂಸನ್ನ ಯಾರನ್ನ ಕೇಳಿ ಅಲ್ಲಿ ಕೂರಿಸಿದೆ?’ ಸೀಟಿಯಕ್ಕ ಸೀಟಿಯನ್ನು ಬಾಯಿಂದ ತೆಗೆದಳು.

“ಊದೇ” ಎಂದ ಧಣಿ.

“ಮಕ್ಕಳಿದಾವೆ ಧಣಿ!”

“ಕಾಣುತ್ತೆ. ನಾಟಕ ಅದು. ಎರಡನೇದು ಊದು, ಕುನ್ನಿಗಳ ಹಾಗೆ ಎದ್ದು ಓಡ್ತಾವೆ. ಬತ್ತಿ ಉರಿಯೋಕೆ ಹೊತ್ತಾಗುತ್ತೆ, ಹೊಗೆ ಕಂಡ ಮೇಲಾದ್ರೂ ಓಡ್ತಾವೆ.”

“ನನ್ನ ಗಂಡಂಗೆ ಆಗಲಿಲ್ಲ ಹೊತ್ತು.”

ಅವನ ಅಂಗೈ ಅವಳ ಕಿವಿಯ ಮೇಲೆ ಬಿತ್ತು. ತಲೆಯೊಳಗೆ ಇನ್ನೊಂದು ಕ್ರಷರ್ ಶುರುವಾಯಿತು. “ಎದುರು ಮಾತಾಡ್ತೀಯೇನೇ ಸೂಳೆ? ನಿನ್ನ ಗಂಡನ ಹೆಣಕ್ಕೆ ಗೋಣಿ ಕೊಟ್ಟವನು ನಾನು. ಊದು!”

ಅವಳು ತುಟಿ ಬಿಗಿದಳು. ಎರಡನೇ ಏಟಿಗೆ ಹಲ್ಲು ಅಲುಗಿ ಬಾಯಿ ತುಂಬ ರಕ್ತವಾಯಿತು. ಧಣಿ ಸೀಟಿಯ ದಾರಕ್ಕೆ ಕೈ ಹಾಕಿ ಜಗ್ಗಿದ. ದಾರ ಕತ್ತಿಗೆ ಕಚ್ಚಿತು, ಕಣ್ಣು ಕತ್ತಲಿಟ್ಟಿತು, ಅವಳು ಮಂಡಿಯೂರಿದಳು. ಇನ್ನೊಂದು ಜಗ್ಗಿಗೆ ದಾರ ತುಂಡಾಗಿ ಸೀಟಿ ಅವನ ಕೈಗೆ ಹೋಯಿತು.

ಅವಳ ಉಗುಳಿನ ಸೀಟಿಯನ್ನು ಧಣಿ ಅಂಗಿಗೆ ಎರಡು ಸಲ ಒರೆಸಿದ. ಆಮೇಲೆ ಬಾಯಿಗಿಟ್ಟ.

ಸೀಟಿಯಕ್ಕ ಮಂಡಿಯ ಮೇಲಿದ್ದಂತೆಯೇ ಬಾವುಟದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳು. ಅದು ನೇರ ಬಾಯಿಗೇ ಬಿತ್ತು. ಅರ್ಧ ಸೀಟಿ ಊದಿತು, ಉಳಿದರ್ಧ ಹಲ್ಲುಗಳ ಜೊತೆ ಗಂಟಲಿಗಿಳಿಯಿತು. ಧಣಿ ಎರಡೂ ಕೈಯಲ್ಲಿ ದವಡೆ ಹಿಡಿದು ಕುಸಿದ. ಬೆರಳ ಸಂದಿನಿಂದ ರಕ್ತ ಚಿಲ್ಲನೆ ಚಿಮ್ಮಿತು. ಅವಳು ಇನ್ನೊಂದು ಬಾರಿಸಿದಳು, ಈ ಸಲ ಮೊಣಕೈಗೆ. ಮೂಳೆ ಮುರಿದದ್ದು ಸರಳಿನ ಮೂಲಕ ಅವಳ ಕೈಗೇ ಗೊತ್ತಾಯಿತು.

ಆದರೆ ಅರ್ಧ ಊದಿತ್ತಲ್ಲ.

ಅವಳು ದಿಬ್ಬದ ತುದಿಗೆ ಓಡಿದಳು. ಬುಡದಲ್ಲಿ ಮದ್ದಿನಣ್ಣ ಕಡ್ಡಿ ಗೀರಿಬಿಟ್ಟಿದ್ದ. ಅಂಗೈ ಮರೆಯಲ್ಲಿ ಕಿಡಿ, ಬತ್ತಿಗೆ ಬಗ್ಗಿದ ಕತ್ತು.

“ಅಣ್ಣಾ!” ಅಂದಳು. ಅದು ಅವಳಿಗೇ ಕೇಳಲಿಲ್ಲ. ಸರಳನ್ನು ತಲೆಯ ಮೇಲೆ ಎತ್ತಿ ಬಾವುಟ ಆಡಿಸಿದಳು. ಅವನು ನೋಡಲಿಲ್ಲ. ಕಾಲಡಿಯ ಕಲ್ಲನ್ನು ಒದ್ದಳು. ಅದು ಉರುಳಿ, ಪುಟಿದು, ಅವನ ಮುಂದೆ ಬಂದು ಬಿತ್ತು. ಅವನು ತಲೆಯೆತ್ತಿದ. ಬಾವುಟ ಕಂಡ. ಅವಳು ಕೈ ಚಾಚಿ ನೆತ್ತಿ ತೋರಿಸಿದಳು. ಅವನು ಹಿಂದೆ ಹಿಂದೆ ಸರಿದು, ಕತ್ತು ಎತ್ತಿ ಮೇಲೆ ನೋಡಿದ. ಅವನ ಕೈಯ ಕಡ್ಡಿ ಬತ್ತಿ ಮುಟ್ಟದೆ ಬೆರಳು ಸುಡುವವರೆಗೂ ಉರಿಯಿತು.

ಹಿಂದಿನಿಂದ ಧಣಿಯ ಆಳುಗಳು ಹಾರೆ ಹಿಡಿದು ದಿಬ್ಬ ಹತ್ತುತ್ತಿದ್ದರು. ಡ್ರೈವರ್ ಎಲ್ಲರಿಗಿಂತ ಮುಂದೆ. ಮೊದಲ ಏಟು ಬೆನ್ನಿಗೆ ಬಿತ್ತು. ಅವಳು ಬಾವುಟ ಇಳಿಸಲಿಲ್ಲ. ಇನ್ನೊಂದು ಮೊಣಕಾಲಿನ ಹಿಂದೆ. ಒಂದು ಕಾಲು ಮಡಿಚಿತು, ಇನ್ನೊಂದರ ಮೇಲೆ ನಿಂತಳು.

ಆಗ ಯಾರು ಸ್ವಿಚ್ಚು ಎಳೆದರೋ, ಕ್ರಷರ್ ನಿಂತಿತು. ಮರೆಯಲ್ಲಿದ್ದ ಕೂಲಿಗಳು ಒಬ್ಬೊಬ್ಬರೇ ಹೊರಗೆ ಬಂದು ಕತ್ತೆತ್ತಿ ನಿಂತರು. ಗುಂಡಿಗೆ ಗುಂಡಿಯೇ ನಿಶ್ಶಬ್ದ. ಆಚೆ ದಂಡೆಯಿಂದ ಟೀಚರಮ್ಮನ ಧ್ವನಿ ಮೊದಲ ಸಲ ಕ್ವಾರಿಯೊಳಗೆ ಇಳಿಯಿತು. ಅದು ಒಡೆದಿತ್ತು, ಆದರೂ ಅದೇ ಕತ್ತರಿ.

“ಎರಡನೇ ಸಾಲು, ಯಾರೂ ಏಳಬಾರದು. ಅಳಬೇಡ್ರೋ. ನೋಡಿ. ಅಲ್ಲಿ ಏನು ಮಾಡ್ತಿದ್ದಾರೆ, ಚೆನ್ನಾಗಿ ನೋಡಿಕೊಳ್ಳಿ.”

ಮಕ್ಕಳು ನೋಡಿದರು. ಡ್ರೈವರ್ ಹಾರೆ ಎತ್ತಿದ.