ಇವಳ ತಾಟಿನ ಮೇಲಷ್ಟೇ

ಹುಡುಗಿ ಹತ್ತಿ ನಿಂತ ತೂಕದ ಮುಳ್ಳು ನಡುಗುತ್ತ ನಲವತ್ತೊಂದು ಕೆ.ಜಿ.ಗೆ ನಿಂತಿತು, ಮೂರು ತಿಂಗಳ ಹಿಂದೆ ನಲವತ್ತೇಳಿತ್ತು, ಭಾಗ್ಯಶ್ರೀ ಸಿಸ್ಟರ್ ಮತ್ತೊಮ್ಮೆ ಬಗ್ಗಿ ನೋಡಿದಳು, ಹೌದು, ನಲವತ್ತೊಂದು — ಡಾಕ್ಟರು ಹೊರಗಿನ ಸಾಲು ನೋಡಿ ಛಲೋ ಆತು ಅಂದು ಮುಂದಿನವರನ್ನು ಕರೆದಾಗಿತ್ತು, ತಾಯಿ ನಾಗರತ್ನಾಳ ಮುಖ ಮಗಳಿಗೆ ರ್‍ಯಾಂಕ್ ಬಂದಂತೆ ಅರಳಿತ್ತು, ನೀವು ಹೇಳಿದಂಗ ಮಾಡೇವ್ರಿ ಸಿಸ್ಟರ್. ತಾನು ಹೇಳಿದ್ದೇನು? ಕೇಶ್ವಾಪುರದ ಈ ಸಣ್ಣ ದವಾಖಾನೆಯ ಇದೇ ಬೆಂಚಿನ ಮೇಲೆ, ಧಾರವಾಡದ ಎರಡು ದಿನದ ತರಬೇತಿಯಲ್ಲಿ ಕಲಿತದ್ದನ್ನೆಲ್ಲ, ಕೂಸನ್ನ ಬ್ಯಾರೆ ಮಾಡಬ್ಯಾಡ್ರಿ, ಮನಿಮಂದಿ ಎಲ್ಲಾರೂ ಒಂದ ಅಡಿಗಿ ಉಣ್ರಿ, ಅಪ್ಪಾ ಮಗಳು ಕೂಡಿ ಸಂಜಿಕ ಅಡ್ಡಾಡ್ರಿ, ದಪ್ಪ ಅನ್ನೂ ಮಾತ ಮನ್ಯಾಗ ಬ್ಯಾಡ — ಇಳಿಸಿರಿ ಅಂದಿರಲೇ ಇಲ್ಲ, ಬೆಳೆಯುವ ಕೂಸು, ಇನ್ನು ಏರದಿದ್ದರೆ ಸಾಕು ಅಂದಿದ್ದಳು, ನಾಗರತ್ನಾ ತಲೆಯಾಡಿಸಿದ್ದಳು, ಎಲ್ಲರೂ ಆಡಿಸುತ್ತಾರೆ, ರಜಿಸ್ಟರಿನಲ್ಲಿ ಸಲಹೆ ನೀಡಲಾಗಿದೆ ಎಂದು ತಾನೂ ಸಹಿ ಮಾಡಿ ಕೈ ತೊಳೆದುಕೊಂಡಿದ್ದಳು.

ತಾಯಿಯನ್ನು ಗುಳಿಗೆ ತರಲು ಕಳಿಸಿ ಹುಡುಗಿಯನ್ನು ಹತ್ತಿರ ಕೂಡಿಸಿಕೊಂಡಳು, ವಿಶಾಲಾ, ನಿನ್ನಿ ಏನೇನ ಉಂಡಿ ಯವ್ವಾ, ಹುಡುಗಿ ಉಗುರು ನೋಡಿಕೊಂಡಳು, ಅರ್ಧ ರೊಟ್ಟಿರಿ, ಮತ್ತ, ಅಷ್ಟರಿ, ಸಾಲಿ ಡಬ್ಬಿ ಗೆಳತಿಗೆ ಕೊಡತೇನ್ರಿ, ಸಂಜಿಕ ಎಲ್ಲಾರೂ ಗಿರಮಿಟ್ ತಿನ್ನೂ ಮುಂದ ನನ್ನ ಒಳಗ ಕೂಡಸ್ತಾರ, ಹೊರಗ ಬಂದ್ರ ಅಪ್ಪಾ, ಹೆಸರಿಗೆ ತಕ್ಕಂಗ ವಿಶಾಲ ಆಗೀ ನೋಡು ಅಂತ ನಗತಾನ್ರಿ, ಈಗ ಹಸಿವಿ ಆಗೂದ ಇಲ್ರಿ — ಇದನ್ನು ಮಾತ್ರ ತಲೆಯೆತ್ತಿ ಹೇಳಿದಳು, ಶಾಬಾಸ್ ಅನ್ನಲಿ ಎಂಬಂತೆ. ತಾಯಿ ಗುಳಿಗೆ ಹಿಡಿದು ಬಂದಳು, ಭಾಗ್ಯಶ್ರೀ ಸಮಾಧಾನದಿಂದಲೇ ಹೇಳಿದಳು, ಕೂಸು ಉಪವಾಸ ಐತ್ರಿ, ನಾಗರತ್ನಾಳ ದನಿ ಏರಲಿಲ್ಲ, ಇಳಿಯಿತು, ದಪ್ಪ ಆದ್ರೂ ನಂದ ತಪ್ಪು, ಇಳದ್ರೂ ನಂದ ತಪ್ಪೇನ್ರಿ, ಅತ್ತಿಗೂ ಗಂಡಗೂ ತಿನಬ್ಯಾಡ್ರಿ ಅನ್ನಾಕ ನಾ ಯಾರು, ಆ ಮನ್ಯಾಗ ನನ್ನ ಮಾತು ನಡಿಯೂದು ಇಕಿ ತಾಟಿನ ಮ್ಯಾಲ ಅಷ್ಟ. ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ತಾನೂ ಕೇಳಿರಲಿಲ್ಲ, ಹುಡುಗಿಯ ಅಪ್ಪ ಮೂರು ತಿಂಗಳ ಹಿಂದೆಯೂ ಹೊರಗೆ ಗಾಡಿಯ ಮೇಲೇ ಕೂತಿದ್ದ, ಒಳಗೆ ಕರೆಯಬಹುದಿತ್ತು, ಕರೆಯಲಿಲ್ಲ — ಈಗ ತಾಯಿ ಮಗಳ ಹಿಂದೆ ಗೇಟಿನವರೆಗೆ ತಾನೇ ಓಡಿದಳು, ಬಸವಕಿರಣ ಅವ್ರ, ಎರಡ ನಿಮಿಷ ಒಳಗ ಬರ್ರಿ, ಆತ ಗಾಡಿ ಚಾಲೂ ಮಾಡಿದ, ಆರು ಕೆ.ಜಿ. ಇಳದೈತಿ ಅಂತಲ್ರಿ, ಇನ್ನೇನು, ನಕ್ಕ, ಕೆಟ್ಟ ನಗುವಲ್ಲ, ಅದೇ ಕೆಟ್ಟದ್ದು, ಎದುರಿನ ಅಂಗಡಿಯ ಬಿಸಿ ಮಿರ್ಚಿ ಭಜಿಯ ಪೊಟ್ಟಣ ಮಗಳ ಕೈಗಿಟ್ಟ, ಮನೀತನಕ ಹಿಡಕೋ, ನಿನಗಲ್ಲ. ವಿಶಾಲಾ ನಡುವೆ ಕೂತಳು, ನಾಗರತ್ನಾ ಹಿಂದೆ, ತಿರುಗಿ ನೋಡಲಿಲ್ಲ, ಇನ್ನು ಬರುವುದಿಲ್ಲ ಇವರು, ಎಣ್ಣೆ ಕಾಗದ ದಾಟಿ ಹುಡುಗಿಯ ಬೆರಳಿಗೆ ಹತ್ತಿತು, ನೆಕ್ಕಲಿಲ್ಲ, ಲಂಗಕ್ಕೆ ಒರೆಸಿಕೊಂಡಳು, ಗಾಡಿ ತಿರುವಿಗೆ ಹೋಯಿತು, ಮತ್ತೆ ಒರೆಸಿಕೊಂಡಳು, ಹತ್ತು ವರ್ಷದ ಕೂಸು, ಎಣ್ಣೆ ಹತ್ತಿದ ಬೆರಳು, ನೆಕ್ಕಲಿಲ್ಲ, ಒರೆಸಿಕೊಂಡಳು, ಒರೆಸಿಕೊಂಡಳು —